ಕೆಳಗಿನ ಮನೆಯ ಕಹಿ ಬಿಯರ್

ಮೂರು ತಿಂಗಳ ಬಸುರಿಯಾಗಿದ್ದಾಗ ನನಗೆ ಅನ್ನ ಬಸಿಯುವ ವಾಸನೆಯೂ ಆಗುತ್ತಿರಲಿಲ್ಲ. ಮೀನಿನ ಹೆಸರೆತ್ತಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಮದುವೆಯಾಗಿ ಕತಾರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದೋಹಾದ ಬಿನ್ ಒಮ್ರಾನಿನಲ್ಲಿ ಎರಡಂತಸ್ತಿನ ಹಳೆಯ ಕಟ್ಟಡವೊಂದರ ಮೇಲಿನ ಮನೆ ನಮ್ಮದು. ನನ್ನ ಗಂಡ ಇಂಜಿನಿಯರುಗಳ ಆಫೀಸೊಂದರಲ್ಲಿ ಡ್ರಾಫ್ಟ್ಸ್‌ಮನ್. ಕೆಳಗಿನ ಮನೆಯಲ್ಲಿದ್ದವರು ಅದೇ ಆಫೀಸಿನ ಇಂಗ್ಲಿಷ್ ಇಂಜಿನಿಯರ್. ಅರವತ್ತರ ಆಸುಪಾಸಿನ ಮನುಷ್ಯ, ಒಬ್ಬರೇ ಇದ್ದರು. ಅವರ ಹೆಂಡತಿ ಇಂಗ್ಲೆಂಡಿನಲ್ಲಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಉಳಿದಿದ್ದರು.

ಜೂನಿನ ಒಂದು ಶುಕ್ರವಾರ ಬೆಳಿಗ್ಗೆ ನನ್ನವರು ತರಕಾರಿಗೆ ಹೋಗಿದ್ದರು. ಬಾಲ್ಕನಿಯ ಬಾಗಿಲು ತೆರೆದರೆ ಕೆಳಗಿನಿಂದ ಒಂದು ವಾಸನೆ ಬಂತು. ಊರಲ್ಲಿ ಮಕ್ಕಳಿಗೆ ರಾಗಿ ಮಣ್ಣಿ ಕಾಯಿಸುವಾಗ ಬರುತ್ತದಲ್ಲ, ಬೆಲ್ಲ ಬೆರೆತ ಧಾನ್ಯದ ಪರಿಮಳ, ಅಂಥದ್ದು. ಎಷ್ಟೋ ದಿನಗಳ ಮೇಲೆ ಬಾಯಲ್ಲಿ ನೀರೂರಿತು. ನಾಚಿಕೆ ಬಿಟ್ಟು ಇಳಿದುಹೋಗಿ ಬಾಗಿಲು ಬಡಿದೆ.

"ಗುಡ್ ಸ್ಮೆಲ್, ಸರ್" ಎಂದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದಕ್ಕಿಂತ ಹೆಚ್ಚು ಇಂಗ್ಲಿಷ್ ಬರುತ್ತಿರಲಿಲ್ಲ.

ಅವರು ನನ್ನ ಬಾಡಿದ ಮುಖವನ್ನು ಒಮ್ಮೆ ನೋಡಿ ಒಳಗೆ ಕರೆದರು. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಪಕ್ಕದಲ್ಲಿ ಒಂದು ಡಬ್ಬ, ಅದರೊಳಗೆ ಜೋನಿ ಬೆಲ್ಲದಂಥ ಕಪ್ಪು ಪಾಕ. ಚಮಚದಲ್ಲಿ ಸ್ವಲ್ಪ ತೆಗೆದು ನನ್ನ ಕೈಗೆ ಕೊಟ್ಟರು. "ಮಾಲ್ಟ್. ಬಾರ್ಲಿಯದು. ಹಾಲಿಗೆ ಕಲಸಿ ಕುಡಿ, ಯಂಗ್ ಲೇಡಿ. ಚಿಕ್ಕವರಿದ್ದಾಗ ನಮ್ಮ ತಾಯಿ ನಮಗೆ ಹಾಗೇ ಕೊಡುತ್ತಿದ್ದರು" ಎಂದು ಕೈಸನ್ನೆ ಮಾಡಿ ವಿವರಿಸಿದರು. ಅದು ನನ್ನ ಹೊಟ್ಟೆಯಲ್ಲಿ ನಿಂತಿತು. ಅರ್ಧ ಡಬ್ಬ ಕಟ್ಟಿಕೊಟ್ಟು ಕಳಿಸಿದರು. ಅಂದಿನಿಂದ ದಿನವೂ ಬೆಳಿಗ್ಗೆ ಅದೇ ನನ್ನ ಆಹಾರ.

ಒಂದು ವಾರ ಕಳೆದು, ಸ್ವಲ್ಪ ಚೇತರಿಸಿಕೊಂಡು, ನೀರುದೋಸೆ ಮಾಡಿ ಅವರಿಗೆ ಕೊಡಲು ಹೋದೆ. ಚಿಕ್ಕ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್, ಮೈಗೆಲ್ಲ ಒದ್ದೆ ಟವೆಲ್ ಸುತ್ತಿಕೊಂಡು, ನೀರಿನ ತಟ್ಟೆಯಲ್ಲಿ ಕೂತಿತ್ತು. ಎದುರಿಗೆ ಟೇಬಲ್ ಫ್ಯಾನ್. ಮುಚ್ಚಳದ ಮೇಲಿನ ನೀರು ತುಂಬಿದ ಕೊಳವೆಯಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳುತ್ತಿದ್ದವು. ಹತ್ತಿರ ಹೋದವಳಿಗೆ ಹುಳಿಯೇರಿದ ವಾಸನೆ ಬಡಿಯಿತು. ಹುಟ್ಟಿದಂದಿನಿಂದ ನನಗೆ ಗೊತ್ತಿದ್ದ ಕಳ್ಳಿನ ವಾಸನೆ.

"ಸರ್, ದಿಸ್ ಈಸ್ ಟಾಡಿ?"

"ಬಿಯರ್. ನಮ್ಮ ಊರಿನ ಬಿಟ್ಟರ್" ಎಂದರು ಅವರು, ನನಗೆ ಮೊದಲೇ ತಿಳಿದಿದೆ ಎಂಬಂತೆ. ನಾನು ಹಾಲಿಗೆ ಹಾಕುವ ಮಾಲ್ಟಿನಿಂದಲೇ ಮಾಡಿದ್ದಂತೆ. ಒಣಗಿದ ಹಸಿರು ಹೂಗಳ ಪೊಟ್ಟಣ ತೋರಿಸಿ, ಬಿಟ್ಟರ್ ಎಂದರೆ ಕಹಿ, ಆ ಕಹಿ ಇದರಿಂದ ಬರುತ್ತದೆ ಎಂದರು. ದೋಸೆ ಅಲ್ಲೇ ಇಟ್ಟು ನಾನು ಮೇಲೆ ಬಂದುಬಿಟ್ಟೆ.

ನನ್ನ ಅಪ್ಪ ಮಲ್ಪೆಯಲ್ಲಿ ಐಸ್ ಫ್ಯಾಕ್ಟರಿಯ ಕೆಲಸಗಾರ. ಕುಡಿಯದ ದಿನ ಅವರಂಥ ಅಪ್ಪ ಯಾರಿಗೂ ಇಲ್ಲ. ಕುಡಿದ ದಿನ ನಾವು ಮಕ್ಕಳು ಉಣ್ಣುವ ತಟ್ಟೆ ಬಿಟ್ಟೆದ್ದು ಪಕ್ಕದ ಮನೆಯ ಜಗಲಿಯಲ್ಲಿ ಕೂರುತ್ತಿದ್ದೆವು. ನನ್ನ ಮದುವೆಯ ದಿನವೂ ಅವರು ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅಮ್ಮನಿಗೆ ಬರೆಯುವ ಕಾಗದಗಳಲ್ಲಿ ನಾನು ಅಪ್ಪನ ಸುದ್ದಿ ಕೇಳುವುದನ್ನೇ ಬಿಟ್ಟಿದ್ದೆ.

ಗಂಡ ಬಂದ ಕೂಡಲೇ ಹೇಳಿದೆ. "ನಿಮಗೆ ಗೊತ್ತುಂಟಾ, ಅವರು ಕೆಳಗೆ ಬಿಯರ್ ಮಾಡ್ತಾರೆ!"

"ಗೊತ್ತುಂಟು ಮಾರಾಯ್ತಿ. ಎರಡು ಗ್ಲಾಸ್ ಕುಡೀತಾರೆ, ಮಲಗ್ತಾರೆ. ಯಾರಿಗೂ ಉಪದ್ರ ಇಲ್ಲ."

"ಪೊಲೀಸಿನವರಿಗೆ ಗೊತ್ತಾದ್ರೆ?"

"ವೀಸಾ ಖಲಾಸ್. ಅದಕ್ಕೇ ನೀನು ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ."

ನಾನು ಕೆಳಗೆ ಹೋಗುವುದನ್ನು ನಿಲ್ಲಿಸಿದೆ. ಕೆಲವು ದಿನಗಳಾದ ಮೇಲೆ ನಮ್ಮ ಬಾಗಿಲ ಹೊರಗೆ ತೆರೆಯದ ಮಾಲ್ಟ್ ಡಬ್ಬವೊಂದು ಕಾಣಿಸಿತು. ಅವರೇ ಮೆಟ್ಟಿಲು ಹತ್ತಿ ಬಂದು, ಬಾಗಿಲು ಬಡಿಯದೆ, ಇಟ್ಟು ಹೋಗಿದ್ದರು. ಇಂಗ್ಲೆಂಡಿಗೆ ರಜೆಗೆ ಹೋದವರ ಪೆಟ್ಟಿಗೆಯಲ್ಲಿ ಬರುವ ಡಬ್ಬ ಅದು. ಒಂದು ಡಬ್ಬ ನನಗೆ ಕೊಟ್ಟರೆ ಅವರಿಗೆ ಒಂದು ಸಲದ ಬಿಯರ್ ಇಲ್ಲ. ನಾನು ಅದನ್ನು ಒಳಗೆ ತಂದೆ, ದಿನವೂ ಹಾಲಿಗೆ ಹಾಕಿ ಕುಡಿದೆ. ಥ್ಯಾಂಕ್ಸ್ ಹೇಳಲು ಮಾತ್ರ ಹೋಗಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ನನ್ನವರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಅಲ್ಲಿಂದ ಫೋನ್ ಮಾಡಿದರು.

"ಈಗ ಸಾಧಾರಣ ಉಂಟು. ಹತ್ತು ದಿನ ಆದ್ರೂ ಮಲಗ್ಬೇಕಂತೆ. ಮತ್ತೆ, ಅವರು ಮೊನ್ನೆ ಒಂದು ಡ್ರಮ್ ಇಟ್ಟಿದ್ದಾರೆ. ಅಕ್ಟೋಬರಿನಲ್ಲಿ ಹೆಂಡತಿ ಬರ್ತಾರಂತೆ, ಮೂರು ವರ್ಷದ ಮೇಲೆ. ಅವರಿಗೋಸ್ಕರ ಮಾಡಿದ್ದು. ತಂಪು ತಪ್ಪಿದ್ರೆ ಹಾಳು. ನಿನ್ನ ಹತ್ರ ಕೇಳ್ಲಿಕ್ಕೆ ಅವರಿಗೆ ಸಂಕೋಚ." ಕೊನೆಗೆ, "ಬೇಡಾದ್ರೆ ಬೇಡ, ಚೆಲ್ಲಿಬಿಡುವ" ಎಂದರು.

ನನಗೆ ಬಾಗಿಲ ಹೊರಗಿದ್ದ ಆ ಡಬ್ಬದ ನೆನಪಾಯಿತು. "ಬೀಗದಕೈ ಎಲ್ಲುಂಟು?" ಎಂದು ಕೇಳಿದೆ.

ಡ್ರಮ್ಮಿನ ಮೈಗೆ ಅಂಟಿಸಿದ ಉಷ್ಣತೆಯ ಪಟ್ಟಿಯಲ್ಲಿ ಇಪ್ಪತ್ತರ ಪಕ್ಕ ಅವರು ಕೆಂಪು ಗೆರೆ ಎಳೆದಿದ್ದರು. ಎರಡು ದಿನ ಏನೂ ತೊಂದರೆಯಾಗಲಿಲ್ಲ. ಮೂರನೆಯ ದಿನ ಹೋದರೆ ಎ.ಸಿ. ನಿಂತುಹೋಗಿತ್ತು. ಮೆಕ್ಯಾನಿಕ್‌ನನ್ನು ಕರೆಯುವಂತಿಲ್ಲ, ಅವನು ಡ್ರಮ್ ನೋಡುತ್ತಾನೆ. ನನ್ನ ಹಳೆಯ ನೂಲಿನ ಸೀರೆ ನೆನೆಸಿ ಸುತ್ತಿ, ಫ್ಯಾನ್ ಜೋರು ಮಾಡಿದೆ. ಜೂನಿನ ಒಣಗಾಳಿಯಲ್ಲಿ ಕೆಲಸ ಮಾಡಿದ ಉಪಾಯ ಆಗಸ್ಟಿನಲ್ಲಿ ನಡೆಯಲಿಲ್ಲ. ಗೋಡೆಗಳೇ ಬೆವರುವಂಥ ಸೆಖೆ. ಬಟ್ಟೆ ಆರಿದರೆ ತಾನೇ ತಂಪು? ನಲ್ಲಿ ಬಿಟ್ಟರೆ ಛಾವಣಿಯ ಟ್ಯಾಂಕಿನ ನೀರು ಚಹಾಕ್ಕೆ ಆಗುವಷ್ಟು ಬಿಸಿ. ಪಟ್ಟಿ ಇಪ್ಪತ್ತೇಳು ತೋರಿಸುತ್ತಿತ್ತು.

ಆಗ ಅಪ್ಪನ ನೆನಪು ಬಂತು, ನಾನು ಬಯಸದಿದ್ದರೂ. ಐಸನ್ನು ಬರಿಮೈಯಲ್ಲಿ ಇಡಬಾರದು, ಅದಕ್ಕೂ ಚಾದರ ಹೊದಿಸಬೇಕು ಎನ್ನುತ್ತಿದ್ದರು ಅವರು. ಗಡ್ಡೆಗಳನ್ನು ಭತ್ತದ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿ ಮುಚ್ಚುತ್ತಿದ್ದರು. ಮನೆಗೆ ಓಡಿದೆ. ಮಜ್ಜಿಗೆಯಂಥ ಲಬನ್ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಅವುಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟೆ. ಗಟ್ಟಿಯಾದ ಮೇಲೆ ಡ್ರಮ್ಮಿನ ಸುತ್ತ ನಿಲ್ಲಿಸಿ, ಎಲ್ಲದರ ಮೇಲೆ ಅಕ್ಕಿಯ ಗೋಣಿಚೀಲ ಬಿಗಿದು ಕಟ್ಟಿದೆ. ಸಂಜೆಯ ಹೊತ್ತಿಗೆ ಇಪ್ಪತ್ಮೂರಕ್ಕೆ ಇಳಿಯಿತು. ಆದರೆ ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿಯುವುದು?

ಗಂಡ ಬಂದಾಗ ಹೇಳಿದೆ. "ಅದನ್ನು ಮೇಲೆ ತನ್ನಿ. ನಮ್ಮ ಮಲಗುವ ಕೋಣೆಯ ಎ.ಸಿ. ಚೆನ್ನಾಗುಂಟು."

"ನಿನಗೆ ಹುಚ್ಚಾ? ಆ ವಾಸನೆ ನಿನಗೆ ಆಗ್ಲಿಕ್ಕಿಲ್ಲ."

"ಆಗ್ತದೆ. ನೀವು ತನ್ನಿ."

ಡ್ರಮ್ಮಿಗೆ ಚಾದರ ಹೊದಿಸಿ, ಒಂದೊಂದೇ ಮೆಟ್ಟಿಲು ಏರಿಸಿ, ಬೆವರಿನಲ್ಲಿ ಮುಳುಗಿ ತಂದರು. ಅಂಗಳದಲ್ಲಿ ಸಿಕ್ಕಿದ ಮಲಯಾಳಿ ಡ್ರೈವರ್ ಏನದು ಎಂದು ಕೇಳಿದನಂತೆ. "ಇಡ್ಲಿ ಹಿಟ್ಟು" ಎಂದರಂತೆ ಇವರು. ಅಷ್ಟೊಂದು ಇಡ್ಲಿ ಯಾರಿಗೆ ಎಂದು ಅವನು ಕೇಳಲಿಲ್ಲವಂತೆ. ನಾವಿಬ್ಬರೂ ನೆಲದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮರುದಿನ ಮಧ್ಯಾಹ್ನ ಮಂಚದ ಪಕ್ಕದ ಆ ಡ್ರಮ್ಮಿನ ಶಬ್ದ ಕೇಳುತ್ತ ಮಲಗಿದ್ದೆ. ಗುಳುಕ್ ಎನ್ನುವುದು, ಸ್ವಲ್ಪ ತಡೆದು ಮತ್ತೆ ಗುಳುಕ್. ವಾಸನೆ ಇತ್ತು, ಆದರೆ ಊರಿನ ಮನೆಯಲ್ಲಿದ್ದಂತೆ ಯಾರ ಹೆಜ್ಜೆ ಸಪ್ಪಳಕ್ಕೂ ಹೆದರಬೇಕಾಗಿರಲಿಲ್ಲ. ಆಗಲೇ ಹೊಟ್ಟೆಯೊಳಗೆ ಮೊದಲ ಸಲ ಮಗು ಮಿಸುಕಿತು. ಸುಮ್ಮನೆ ಕೈಯಿಟ್ಟುಕೊಂಡು ತುಂಬ ಹೊತ್ತು ಮಲಗಿದ್ದೆ. ಎದ್ದವಳು ಅಪ್ಪನಿಗೆ ಕಾಗದ ಬರೆದೆ. ಮಗುವಿನ ಸುದ್ದಿ ಬರೆದೆ. ಐಸನ್ನು ನೀವು ಕಟ್ಟುವ ಹಾಗೆ ಕಟ್ಟಿ ಒಬ್ಬರ ಬಿಯರ್ ಉಳಿಸುತ್ತಿದ್ದೇನೆ ಎಂದೂ ಮುಚ್ಚುಮರೆಯಿಲ್ಲದೆ ಬರೆದೆ.

ಹನ್ನೊಂದನೆಯ ದಿನ ಮುದುಕರು ಮನೆಗೆ ಬಂದರು. ಅಷ್ಟರಲ್ಲಿ ಮೆಕ್ಯಾನಿಕ್‌ನನ್ನು ಕರೆಸಿ ಕೆಳಗಿನ ಎ.ಸಿ. ಸರಿಮಾಡಿಸಿದ್ದೆವು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಮೆಟ್ಟಿಲು ಹತ್ತಬಾರದೆಂದು ಡಾಕ್ಟರ್ ಹೇಳಿದ್ದರಿಂದ ಡ್ರಮ್ಮನ್ನೇ ಕೆಳಗಿಳಿಸಿದೆವು. ಒಂದು ಸಣ್ಣ ಗ್ಲಾಸಿನಲ್ಲಿ ತೆಗೆದು ಮೂಸಿದರು, ಒಂದು ಗುಟುಕು ಬಾಯಲ್ಲಿ ಹಿಡಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ನಿಂತಿದ್ದೆ.

"ಒಳ್ಳೆಯದಾಗಿದೆ" ಎಂದರು. ಆಮೇಲೆ, "ಸ್ವಲ್ಪ ಬಾಳೆಹಣ್ಣಿನ ವಾಸನೆ. ಒಂದು ದಿನ ಸೆಖೆಯಾಗಿತ್ತೇ ಇದಕ್ಕೆ?"

"ಸಾರಿ, ಸರ್. ಎ.ಸಿ. ಸ್ಟಾಪ್."

ಅವರು ಗ್ಲಾಸ್ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ಅಂದು ನಾನು ಮೊದಲಿನ ಅರ್ಧ ಡಬ್ಬಕ್ಕೂ ಬಾಗಿಲಿಗೆ ಬಂದ ಇಡೀ ಡಬ್ಬಕ್ಕೂ ಸೇರಿಸಿ ಥ್ಯಾಂಕ್ಸ್ ಹೇಳಿದೆ.

ಅಕ್ಟೋಬರಿನಲ್ಲಿ ಅವರ ಹೆಂಡತಿ ಬಂದರು. ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ಡ್ರಮ್ಮಿನಿಂದ ತುಂಬಿಟ್ಟಿದ್ದ ಬಾಟಲಿಯೊಂದನ್ನು ಮುದುಕರು ತೆರೆದು ಹೆಂಡತಿಗೆ ಸುರಿದುಕೊಟ್ಟಾಗ ಬಣ್ಣ ನಮ್ಮ ಹಾಲಿಲ್ಲದ ಕಣ್ಣಚಹಾದಂತೆ ಕೆಂಪಗಿತ್ತು. ನಾನು ಗ್ಲಾಸ್ ಮುಟ್ಟಿ ನೋಡಿದೆ. ಫ್ರಿಜ್ಜಿನ ಚಳಿಯಲ್ಲ, ಮಣ್ಣಿನ ಹೂಜಿಯ ನೀರಿನಷ್ಟು ತಂಪು. ಈ ಬಿಯರಿಗೆ ಅಷ್ಟೇ ಸಾಕಂತೆ. ಆಕೆ ಒಂದು ಗುಟುಕು ಕುಡಿದು ಗಂಡನತ್ತ ನೋಡಿದರು. "ಇದರಲ್ಲಿ ಬಾಳೆಹಣ್ಣು ಇದೆಯಲ್ಲ!" ಅವರು ನನ್ನ ಕಡೆ ಕೈ ತೋರಿಸಿದರು. ಆಕೆ ಎದ್ದು ಬಂದು ನನ್ನನ್ನು ತಬ್ಬಿಕೊಂಡರು, ಹೊಟ್ಟೆಗೆ ಒತ್ತದಂತೆ ಪಕ್ಕದಿಂದ. ನಾನು ಬಿಯರಿನ ರುಚಿ ನೋಡಲಿಲ್ಲ, ಇಂದಿಗೂ ನೋಡಿಲ್ಲ. ಅವರಿಬ್ಬರೂ ಒಂದೇ ಬಾಟಲಿಯನ್ನು ಹಂಚಿಕೊಂಡು ಕುಡಿಯುತ್ತಿದ್ದುದನ್ನು ಮಾತ್ರ ನೋಡುತ್ತ ಕೂತೆ.

ಆ ತಿಂಗಳಲ್ಲೇ ಅಪ್ಪನ ಉತ್ತರ ಬಂತು, ಅವರದೇ ಕೈಬರಹದಲ್ಲಿ, ಒಂದೂವರೆ ಪುಟ. ಕುಡಿತ ಬಿಟ್ಟಿದ್ದೇನೆಂದು ಅವರು ಬರೆದಿರಲಿಲ್ಲ, ಬಿಟ್ಟಿರಲೂ ಇಲ್ಲ. "ಡ್ರಮ್ಮಿನ ಅಡಿಗೆ ಮರದ ಹಲಗೆ ಇಟ್ಟೆಯಾ ಮಗಾ? ನೆಲದ ಬಿಸಿ ಮೇಲೇರ್ತದೆ. ನೀನು ಭಾರ ಎತ್ತಬೇಡ" ಎಂದು ಬರೆದಿದ್ದರು. ಹಲಗೆಯ ವಿಷಯ ನನಗೆ ಹೊಳೆದೇ ಇರಲಿಲ್ಲ.