ಅವ್ವನ ಹಪ್ಪಳದ ಕೆಂಪು

ಚಳ್ಳಕೆರೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ನಾನು ಪ್ರತಿ ವರ್ಷ ಒಂದು ಪ್ರಯೋಗವನ್ನು ಜಂಬದಿಂದಲೇ ಮಾಡಿಸುತ್ತೇನೆ. ಹಪ್ಪಳ ಗರಿಗರಿಯಾಗಲೆಂದು ಕೆಲವರು ತಿನ್ನಬಾರದ ಬಿಳಿಗಾರ, ಅಂದರೆ ಬೋರಾಕ್ಸ್, ಹಾಕುತ್ತಾರಲ್ಲ, ಅದನ್ನು ಹಿಡಿಯುವ ಪ್ರಯೋಗ. ಹಪ್ಪಳ ಸುಟ್ಟು, ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಅರಿಶಿಣ ಬಳಿದ ಕಾಗದವನ್ನು ಅದ್ದಿ ಒಣಗಿಸಬೇಕು. ಬಿಳಿಗಾರದೊಳಗಿನ ಬೋರಾನ್ ಅರಿಶಿಣದ ಬಣ್ಣದೊಂದಿಗೆ ಕೂಡಿದರೆ ಕಾಗದ ಕೆಂಪಾಗುತ್ತದೆ. ಆ ಕೆಂಪಿನ ಹೆಸರು ರೋಸೋಸಯನಿನ್.

ಹೋದ ವರ್ಷ ಅಂಗಡಿ ಹಪ್ಪಳದ ಪಕ್ಕದಲ್ಲಿ, ಶುದ್ಧ ಹಪ್ಪಳವೆಂದು ನಮ್ಮವ್ವ ಮಾಡಿದ್ದನ್ನೇ ಇಟ್ಟೆ. ಅಂಗಡಿಯದು ಹಳದಿಯಾಗೇ ಉಳಿಯಿತು. ಅವ್ವನದು ಕೆಂಪಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ. ಕ್ಲಾಸಿನ ಹುಡುಗಿಯರು ನಕ್ಕರು, ನಾನೂ ನಕ್ಕೆ, ಒಳಗೆ ಮಾತ್ರ ಉರಿಯುತ್ತಿತ್ತು. ನನ್ನ ಐದು ವರ್ಷದ ಮಗಳಿಗೆ ಅಜ್ಜಿಯ ಹಪ್ಪಳವಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

ಭಾನುವಾರ ಅವ್ವನ ಊರು ಕೊಂಡ್ಲಹಳ್ಳಿಗೆ ಹೋಗಿ ಆ ಕಾಗದವನ್ನು ಅವ್ವನ ಮುಂದೆ ಹಿಡಿದೆ.

"ಇದೇನು ದೊಡ್ಡ ವಿದ್ಯೆನೇ? ಅರಿಶಿಣಕ್ಕೆ ಸುಣ್ಣ ಬಿದ್ರೆ ಕೆಂಪಾಗ್ತೈತೆ. ಆರತಿ ನೀರು ಕಂಡಿಲ್ವಾ ನೀನು?"

ನಾನೂ ಅವಳ ಮಗಳೇ. ಆರತಿ ನೀರು ಕಲಸಿ ಅದಕ್ಕೆ ನಿಂಬೆಹಣ್ಣು ಹಿಂಡಿದೆ; ಮತ್ತೆ ಹಳದಿಯಾಯಿತು. ಕಾಗದದ ಮೇಲೂ ಹಿಂಡಿದೆ. ಕೆಂಪು ಕದಲಲಿಲ್ಲ.

"ಇದು ಸುಣ್ಣ ಅಲ್ಲವ್ವ, ಬಿಳಿಗಾರ. ಹೊಟ್ಟೆಗೆ ಒಳ್ಳೇದಲ್ಲ" ಎಂದೆ. ಗೆದ್ದ ಖುಷಿ ಇತ್ತು, ಸುಳ್ಳೇಕೆ ಹೇಳಲಿ.

ಅವ್ವ ಗೂಡಿನಿಂದ ಬಿಳಿಗಾರದ ಡಬ್ಬಿ ತಂದಿಟ್ಟಳು. "ನಮ್ಮತ್ತೆ ಕಲಿಸಿದ್ದು ಕಣೇ. ಸೇರು ಹಿಟ್ಟಿಗೆ ಒಂದು ಚಿಟಿಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಕೂಸಿಗೆ ಏನಾರ ಆಗೈತೇನೇ?"

ಏನೂ ಆಗಿಲ್ಲ, ಅಷ್ಟಕ್ಕೆಲ್ಲ ಹೆದರಬೇಡ ಎಂದು ಎಷ್ಟು ಸಲ ಹೇಳಿದೆನೋ. ಅವಳು ವರ್ಷದ ಹಪ್ಪಳವನ್ನೆಲ್ಲ ತಿಪ್ಪೆಗೆ ಸುರಿದು ಬಂದಳು. ಅವಳ ಕೈಯನ್ನು ಅವಳೇ ನಂಬದ ಹಾಗೆ ಮಾಡಿಬಿಟ್ಟೆನಲ್ಲ ಎಂದು ನನಗೆ ಅಳು ಬಂತು.

ಈ ಬೇಸಿಗೆಯಲ್ಲಿ ಅವಳೇ ಫೋನು ಮಾಡಿದಳು. "ಬಿಳಿಗಾರ ಇಲ್ದಂಗೆ ಮಾಡೀನಿ. ನಿನ್ನ ಕಾಗದ ತಗಂಡು ಬಾ."

ಕಾಗದ, ಆಸಿಡ್ಡು ಎಲ್ಲ ಹೊತ್ತು, ಮಗಳನ್ನೂ ಕರೆದುಕೊಂಡು ಹೋದೆ. ಹಪ್ಪಳ ಕರಿದಿಟ್ಟಿದ್ದಳು. ಮಗಳು ತಟ್ಟೆಯತ್ತ ಕೈ ಚಾಚಿದಳು. ಅವ್ವ ಆ ಕೈಯನ್ನು ಹಿಡಿದುಕೊಂಡಳು. ನಾನು ಒಂದು ಹಪ್ಪಳ ಸುಟ್ಟು ಅದ್ದಿದ ಕಾಗದ ಒಣಗಿ ಹಳದಿಯಾಗೇ ಉಳಿದದ್ದನ್ನು ಕಣ್ಣಾರೆ ಕಾಣುವವರೆಗೂ ಬಿಡಲಿಲ್ಲ.