ಜುರಾಸಿಕ್ ಕಡಲಿನ ಸಾಲಿಗ್ರಾಮ

ನುಂಗಂಬಾಕ್ಕಂನ ನಮ್ಮ ಫ್ಲ್ಯಾಟಿನ ದೇವರ ಗೂಡಿನಲ್ಲಿ ಮುಷ್ಟಿಗಾತ್ರದ ಒಂದು ಕರಿ ಸಾಲಿಗ್ರಾಮವಿದೆ. ಹೆಂಗಸರು ಅದನ್ನು ಮುಟ್ಟುವಂತಿಲ್ಲ, ಒಂದು ದಿನವೂ ಅದಕ್ಕೆ ನೈವೇದ್ಯ ತಪ್ಪುವಂತಿಲ್ಲ. ಇದು ನಮ್ಮ ಮನೆತನದ ಕಟ್ಟುನಿಟ್ಟು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಆ ಕಲ್ಲಿನ ಜಾತಕ ನನಗೆ ಗೊತ್ತಿರುವಷ್ಟು ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ ಎಂದು ಎದೆತಟ್ಟಿ ಹೇಳುತ್ತೇನೆ. ಮುಟ್ಟಿ ನೋಡುವ ಭಾಗ್ಯ ಮಾತ್ರ ಇರಲಿಲ್ಲ.

ಹೋದ ವರ್ಷ ಅಪ್ಪನ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಅಭಿಷೇಕ ಮಾಡುವಾಗ ಸಾಲಿಗ್ರಾಮ ಜಾರಿ ಠಣ್ಣನೆ ತಟ್ಟೆಗೆ ಬಿತ್ತು. ಒಡೆಯಲಿಲ್ಲ, ಆದರೆ ಅಪ್ಪ ಬೆವತುಹೋದರು.

"ಇನ್ನು ನನ್ ಕೈಲಾಗಲ್ಲಮ್ಮ. ಮನೇಲಿ ಗಂಡುಮಗ ಇಲ್ಲ. ನಾಳೆ ಮಠಕ್ಕೆ ಒಪ್ಪಿಸಿಬಿಡ್ತೀನಿ."

ನಾನು ಅವರ ಒಬ್ಬಳೇ ಮಗಳು. ಮೈಯೆಲ್ಲ ಉರಿಯಿತು. ದುಃಖವೂ ಆಯಿತು, ಸುಳ್ಳೇಕೆ ಹೇಳಲಿ.

"ಯಾಕೆ, ನಾನಿಲ್ವಾ?" ಎಂದೆ.

"ನಿನಗೆ ಕಾಲೇಜು, ಟೂರು. ಒಂದು ದಿನ ನೈವೇದ್ಯ ಮಿಸ್ ಆದ್ರೆ ಏನು ಗತಿ?"

ತರಗತಿಯಲ್ಲಿ ನಿಂತವಳ ಹಾಗೆ ಶುರುಮಾಡಿದೆ. ಇದು ಜುರಾಸಿಕ್ ಕಾಲದ ಕೊನೆಗೆ ಸೇರಿದ್ದು. ಆಗ ಹಿಮಾಲಯವೇ ಇರಲಿಲ್ಲ, ಅಲ್ಲಿದ್ದದ್ದು ಕಡಲು. ಭೂಮಿ ಈಗಿನದಕ್ಕಿಂತ ಬೆಚ್ಚಗಿತ್ತು, ಧ್ರುವಗಳಲ್ಲೂ ಹೇಳಿಕೊಳ್ಳುವಂಥ ಮಂಜುಗಡ್ಡೆ ಇರಲಿಲ್ಲ. ಆ ನೀರಿನಲ್ಲಿ ಸುರುಳಿ ಚಿಪ್ಪಿನ ಅಮೊನೈಟ್ ಎಂಬ ಪ್ರಾಣಿ ಈಜಿಕೊಂಡಿತ್ತು. ಬೆಳೆದಂತೆಲ್ಲ ಹೊಸ ಕೋಣೆ ಕಟ್ಟಿಕೊಂಡು, ಹಳೆಯದಕ್ಕೆ ಗೋಡೆ ಹಾಕಿ ಮುಂದಕ್ಕೆ ಸರಿಯುತ್ತಿತ್ತು. ಸತ್ತ ಮೇಲೆ ಕೆಸರಿನಲ್ಲಿ ಹೂತು ಕಲ್ಲಾಯಿತು. ಎಷ್ಟೋ ಕಾಲದ ನಂತರ ಕಡಲ ತಳವೇ ಮೇಲೆದ್ದು ಬೆಟ್ಟವಾಯಿತು, ನದಿ ಈ ಕಲ್ಲನ್ನು ಉರುಳಿಸಿ ತಂದಿತು. ಅಪ್ಪ ಚಕ್ರ ಎಂದು ಕೈಮುಗಿಯುವುದು ಆ ಚಿಪ್ಪಿನ ಸುರುಳಿಗೇ.

ಎಲ್ಲಿ ಸಿಡುಕುತ್ತಾರೋ ಎಂದುಕೊಂಡೆ. ಅವರು ಪಾಠ ಕೇಳುವ ಹುಡುಗರಿಗಿಂತ ಶ್ರದ್ಧೆಯಿಂದ ಕೇಳಿದರು.

"ಎಷ್ಟು ವರ್ಷ ಆಯ್ತು ಅಂದೆ?"

"ಹತ್ತಿರ ಹತ್ತಿರ ಹದಿನೈದು ಕೋಟಿ. ಅಷ್ಟು ಕಾಲ ಅದಕ್ಕೆ ಯಾರಪ್ಪಾ ನೈವೇದ್ಯ ಇಟ್ರು? ನಾನು ಒಂದು ದಿನ ತಪ್ಪಿಸಿದ್ರೆ ಕೋಪ ಮಾಡ್ಕೊಳ್ಳುತ್ತಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಗೋಡೆ ಹಿಡಿದುಕೊಂಡು ಮಣೆಯಿಂದ ಎದ್ದು, ಪಕ್ಕಕ್ಕೆ ಸರಿದು ನಿಂತರು.

"ಅಷ್ಟು ವರ್ಷ ಉಪವಾಸ ಇತ್ತಾ? ಪಾವಂ, ಪಾಪ! ಮತ್ತೆ ಇನ್ನೂ ಯಾಕೆ ನಿಂತಿದ್ದೀಯ? ಸೀಕ್ರಂ ಸ್ನಾನ ಮಾಡ್ಕೊಂಡ್ ಬಾ."