ಮೀನಿನಲ್ಲಿ ಸಿಕ್ಕ ಅಕ್ಷರ

...ಅಥವಾ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಲೇ ಇಲ್ಲವೇನೋ. ಆ ಅಕ್ಷರಗಳ ಸಾಲುಗಳನ್ನು ಆಮೇಲೆ ನಾನೇ ಎಷ್ಟೋ ಸಲ ನೋಡಿದ್ದರಿಂದ ಆ ಕೋಣೆಯ ನೆನಪಿನೊಳಕ್ಕೂ ಅವನ್ನು ತಂದಿಟ್ಟಿರಬಹುದು. ಅವರು ಹೇಳಿದ್ದು ಇಷ್ಟು. ನನ್ನ ಪುಟ್ಟ ಮಗಳು ಕೂರಲಾರದೆ ವಾಲುತ್ತಿರುವುದಕ್ಕೆ ಒಂದು ಜೀನಿನಲ್ಲಿ ಬದಲಾದ ಒಂದೇ ಅಕ್ಷರ ಕಾರಣವಿರಬಹುದು. ಆ ಜೀನಿನ ಎರಡು ಪ್ರತಿಗಳ ಪೈಕಿ ಅವಳ ಅಪ್ಪನಿಂದ ಬಂದದ್ದರಲ್ಲೂ ಅದೇ, ನನ್ನಿಂದ ಹೋದ ಪ್ರತಿಯಲ್ಲೂ ಅದೇ. ಬೇರೆ ರೋಗಿಗಳಲ್ಲಿ ಇದು ಕಂಡಿಲ್ಲ, ಹಾಗಾಗಿ ಖಚಿತವಿಲ್ಲ. ಆದರೆ ಇಲಿ, ಕೋಳಿ, ಕಪ್ಪೆ ಎಲ್ಲದರಲ್ಲೂ ಆ ಜಾಗದ ಅಕ್ಷರ ಹಾಗೆಯೇ ಉಳಿದಿದೆ. ವಿಕಾಸ ಅಷ್ಟು ಕಾಲ ಮುಟ್ಟದೆ ಬಿಟ್ಟದ್ದು ಬದಲಾದರೆ ಕೆಡುಕೇ ಇರಬೇಕು. ಅದೇ ಕಾರಣವಾದರೆ ಮುಂದೆ ಉಸಿರೂ ಸೋಲುತ್ತದೆ. ಔಷಧಿಯಿಲ್ಲ.

ಚಿಂತಾಮಣಿಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳುತ್ತಿದ್ದೆ. ವಿಕಾಸವಾದವನ್ನು ಸುಳ್ಳೆಂದು ತೋರಿಸಲು ಸಾಧ್ಯವಿದೆ, ಅದಕ್ಕೇ ಅದು ವಿಜ್ಞಾನ. ಮನುಷ್ಯನ ಜೀನುಗಳು ಕೋತಿಗಿಂತ ರಾಗಿಗೆ ಹತ್ತಿರವೆಂದು ಕಂಡರೆ ಸಿದ್ಧಾಂತ ಬಿತ್ತು ಎನ್ನುತ್ತಿದ್ದೆ. ಈಗ ಬೀಳಲಿ ಎಂದು ಬೇಡಿಕೊಂಡೆ. ಪೂರ್ತಿ ಅಲ್ಲ, ಒಂದು ಅಕ್ಷರದಷ್ಟು.

ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಮಗಳ ಅಕ್ಷರವನ್ನೇ ಹೊತ್ತು ನೆಟ್ಟಗೆ ಬದುಕುವ ಒಂದಾದರೂ ಪ್ರಾಣಿಯನ್ನು ಹುಡುಕಿದೆ. ಹಸು ಇಲ್ಲ. ನಾಯಿ ಇಲ್ಲ. ಪ್ರತಿಯೊಂದೂ ಸಿದ್ಧಾಂತದ ಪರವಾಗಿ, ಮಗಳ ವಿರುದ್ಧ ಸಾಕ್ಷಿ ಹೇಳಿತು.

"ಏನ್ ಮೇಡಂ, ನಿನ್ನೆ ಹಸು, ಇವತ್ತು ಮೀನು. ಸಂತೆ ಮಾಡ್ತಿದೀರಾ?" ಅಂದ ಸೆಂಟರಿನವನು.

ಮೀನೊಂದರಲ್ಲಿ ಸಿಕ್ಕಿತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ.

"ಮೀನಲ್ಲಿ ಅಕ್ಕಪಕ್ಕದ ಅಕ್ಷರಗಳೂ ಬದಲಾಗಿರ್ತವಮ್ಮ. ಅವು ಇದನ್ನ ಸರಿದೂಗಿಸ್ತಿರಬಹುದು," ಎಂದರು.

"ಸಿಗದಿದ್ರೂ ನೀವೇ ಸರಿ, ಸಿಕ್ಕಿದ್ರೂ ನೀವೇ ಸರಿ. ಏನು ತೋರಿಸಿದ್ರೆ ತಪ್ಪು ಅಂತ ಒಪ್ಕೊಳ್ತೀರ ಸಾರ್?"

ಅವರು ಸಿಟ್ಟಾಗಲಿಲ್ಲ. "ವಿಕಾಸವಾದ ಒಂದು ಮೀನಿಗೆ ಬೀಳಲ್ಲ. ಯಾವ ಜೀನಲ್ಲೂ ಸಂಬಂಧದ ಕ್ರಮವೇ ಕಾಣದಿದ್ರೆ ಬೀಳುತ್ತೆ. ನಿಮ್ಮ ಮಗು ಬಗ್ಗೆ ನನ್ನ ಊಹೆ ಬೀಳೋಕೆ ಒಬ್ಬ ಮನುಷ್ಯ ಸಾಕು. ಎರಡು ಪ್ರತಿಯಲ್ಲೂ ಇದೇ ಇದ್ದು ಗಟ್ಟಿಮುಟ್ಟಾಗಿರೋರು."

ಅಂಥವರಿದ್ದರೆ ನಮ್ಮಲ್ಲೇ ಇರಬೇಕು. ನನ್ನ ಗಂಡ ನನ್ನ ತಾಯಿಯ ತಮ್ಮ, ಅಜ್ಜಿಯೇ ಅತ್ತೆ. ಅಜ್ಜಿಯ ಅಪ್ಪ ಮದುವೆಯಾದದ್ದೂ ಅಕ್ಕನ ಮಗಳನ್ನೇ.

"ಸಂಬಂಧ ನೋಡೋಕೆ ನಾವು ಪಕ್ಕದ ಮನೆಗೂ ಹೋಗ್ಲಿಲ್ಲ. ನೀನು ಮೀನಿನ ತಂಕ ಹೋಗಿ ಬಂದ್ಯಲ್ಲೇ," ಅಂದ ಅಜ್ಜಿ ತೋಳು ಚಾಚಿದಳು. "ರಕ್ತ ತಕೊ ಕಣೇ."

ಅವಳಲ್ಲಿ ಬದಲಾಗಿದ್ದದ್ದು ಒಂದೇ ಪ್ರತಿ. ಒಂದಿದ್ದರೆ ಏನೂ ಆಗುವುದಿಲ್ಲ, ನನಗೆ ಆಗಿಲ್ಲದ ಹಾಗೆ. ಅದರಿಂದ ಏನೂ ತಿಳಿಯಲಿಲ್ಲ.

ಉಳಿದವರು ಮಂಡಿಕಲ್ ಕಡೆಯ ಊರಿನಲ್ಲಿದ್ದ ಅಜ್ಜಿಯ ತಮ್ಮ. ಆ ವಯಸ್ಸಿನಲ್ಲೂ ದ್ರಾಕ್ಷಿ ಚಪ್ಪರದಡಿ ಕೈಯೆತ್ತಿಕೊಂಡೇ ದಿನ ಕಳೆಯುತ್ತಿದ್ದರು. ಅಜ್ಜಿ, ಗಂಡ, ನಾನು ಹೋದೆವು.

"ರಕ್ತ ಕೊಡೋಕೇನಕ್ಕ, ಒಂದು ಚೊಂಬು ಬೇಕಾದ್ರೂ ತಕೊ. ಆದ್ರೆ ಮೊಮ್ಮಗಳನ್ನ ನೋಡೋಕೆ ಗೌರಿಬಿದನೂರಿಂದ ಬರ್ತಾವ್ರೆ. ಈ ಮನೆ ರಕ್ತ ಟೆಸ್ಟಿಗೆ ಹೋಯ್ತಂತೆ ಅನ್ನೋ ಮಾತು ಅಲ್ಲಿ ಮುಟ್ಟಿದ್ರೆ?"

"ಯಾರಿಗೂ ಹೇಳಲ್ಲ ಕಣೋ."

"ನಿನ್ನ ಬಾಯಲ್ಲಿ ಹಲ್ಲೇ ನಿಲ್ಲಲಿಲ್ಲ, ಮಾತು ನಿಲ್ಲುತ್ತಾ?"

ಅಜ್ಜಿ ನಗಲಿಲ್ಲ. ನಾನು ಅವರ ಕಾಲು ಹಿಡಿದುಕೊಂಡೆ. ಹಾಗೆಂದು ನನ್ನ ನೆನಪು. ನೀನು ಬಾಗಿಲು ಬಿಟ್ಟು ಒಳಗೆ ಬರಲೇ ಇಲ್ಲ ಎನ್ನುತ್ತಾನೆ ಗಂಡ. "ಮದುವೆ ಒಂದು ಮುಗೀಲಿ ತಾಯಿ, ಆಮೇಲೆ ಬಾ," ಎಂದು ಅವರು ಹೇಳಿದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.

ಮದುವೆ ಆಯಿತು. ಮಗಳು ಅದಕ್ಕೆ ಮೊದಲೇ ತೀರಿಕೊಂಡಳು. ಆಮೇಲೆ ನಾನು ಹೋಗಿ ಕೇಳಲಿಲ್ಲ, ಅವರೂ ಈಗಿಲ್ಲ. ಅವರಲ್ಲಿ ಎರಡು ಪ್ರತಿಯೂ ಬದಲಾಗಿತ್ತೋ ಇಲ್ಲವೋ, ಮಗಳನ್ನು ಒಯ್ದದ್ದು ಆ ಅಕ್ಷರವೋ ಬೇರೆ ಏನಾದರೂ ಇತ್ತೋ, ನನಗೆ ಗೊತ್ತಿಲ್ಲ.